ಫೋನಿನ ಪೆಟ್ಟಿಗೆಯೂ ನನ್ನ ಹಟವೂ

ಯಂತ್ರವೊಂದು ಮಾತು ಕೇಳದಿದ್ದಾಗ ನಾನು ಎಲ್ಲರ ಮೇಲೂ ಅನುಮಾನಪಡುತ್ತೇನೆ, ನನ್ನೊಬ್ಬನನ್ನು ಬಿಟ್ಟು. ತೊಂಬತ್ತರ ದಶಕದಲ್ಲಿ ಚಿಕ್ಕೋಡಿಯಲ್ಲಿ ಮನೆ ಮಾಡಿಕೊಂಡು ನಿಪಾಣಿಯಿಂದ ಅಥಣಿಯವರೆಗೆ ಆಫೀಸುಗಳ ಫೋನ್ ರಿಪೇರಿ ಮಾಡುತ್ತ ತಿರುಗುತ್ತಿದ್ದಾಗ ಈ ಗುಣ ನನಗೆ ಸಾಕಷ್ಟು ಉಪಕಾರ ಮಾಡಿದೆ. ತಪ್ಪು ತನ್ನದಲ್ಲ ಎಂದು ನಂಬಿದವನು ಕೆಲಸವನ್ನು ಅರ್ಧಕ್ಕೆ ಬಿಡುವುದಿಲ್ಲ.

ನಿಪಾಣಿಯಲ್ಲಿ ತಂಬಾಕು ವ್ಯಾಪಾರ ಮಾಡುವ ಒಂದು ಪೇಢಿಯಲ್ಲಿ ಶಾಂತಾಬಾಯಿ ಎಂಬವರು ಫೋನ್ ನೋಡಿಕೊಳ್ಳುತ್ತಿದ್ದರು. ದಿನಾ ಸದಲಗಾದಿಂದ ಬಸ್ಸಿನಲ್ಲಿ ಬರುವವರು. ವಯಸ್ಸು ಐವತ್ತು ದಾಟಿತ್ತು, ಮೊಣಕಾಲು ಹಿಡಿದಿತ್ತು. ಅವರ ಮೇಜು ಮಾಳಿಗೆಯ ಮೇಲೆ, ತಂಬಾಕು ಪೇರಿಸುವ ವಖಾರಿ ಕೆಳಗೆ. ಕೊಲ್ಲಾಪುರದಿಂದ ಫೋನ್ ಬಂದರೆ ಮರಾಠಿಯಲ್ಲಿ ‘ಥಾಂಬಾ’ ಎಂದು ಆ ಕಡೆಯವರಿಗೆ ಕಾಯಲು ಹೇಳಿ, ಇಪ್ಪತ್ತೆರಡು ಮೆಟ್ಟಿಲು ಇಳಿದು, ವಖಾರಿಯಿಂದ ಬೇಕಾದವರನ್ನು ಕರೆತರಬೇಕು. ವಖಾರಿಯಲ್ಲಿ ಹೊಸ ಫೋನನ್ನೇನೋ ಇಟ್ಟಿದ್ದೆ. ಆದರೆ ಆಫೀಸಿನ ಫೋನುಗಳನ್ನೆಲ್ಲ ಜೋಡಿಸುವ ಗೋಡೆಯ ಪೆಟ್ಟಿಗೆಗೆ ಆ ಸುದ್ದಿಯನ್ನು ಕಂಪ್ಯೂಟರಿನಿಂದ ತಿಳಿಸುವವರೆಗೆ ಅದು ಮೂಕ.

“ದಸರಾದೊಳಗ ಇದು ಆಗ್ಲಿಲ್ಲಂದ್ರ ನಾ ಕೆಲಸ ಬಿಡ್ತೀನ್ರಿ ಸರ್. ಕಾಲು ಕೇಳವಲ್ವು,” ಎಂದರು ಶಾಂತಾಬಾಯಿ. ಆ ಸಂಬಳದ ಮೇಲೆ ಅವರ ಮಗಳ ಟೀಚರ್ ಟ್ರೇನಿಂಗು ನಡೆದಿತ್ತು. ಕೇಳಿ ನನಗೆ ಸಂಕಟವಾಯಿತು. ಮುಗಿಸದೆ ಚಿಕ್ಕೋಡಿ ಬಸ್ಸು ಹತ್ತುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಕಂಪ್ಯೂಟರಿಗೆ ಫ್ಲಾಪಿ ಹಾಕಿ, ಅದರ ಕೇಬಲ್ಲಿನ ತುದಿಯನ್ನು ಪೆಟ್ಟಿಗೆಯ ಅಡಿಗೆ ಕೈಯಾಡಿಸಿ ಸಿಕ್ಕಿಸಿದೆ. ಸಂಪರ್ಕ ಸಿಗುತ್ತಿಲ್ಲ ಎಂದಿತು ಪರದೆ. ಎರಡು ಯಂತ್ರಗಳು ಮಾತಾಡಬೇಕಾದರೆ ಎರಡರ ವೇಗವೂ ಒಂದೇ ಇರಬೇಕು. ನಿಪಾಣಿ ಪೇಟೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಬಂದರೂ ವ್ಯಾಪಾರ ಕುದುರುತ್ತದೆ. ಯಂತ್ರಗಳಿಗೆ ಅಷ್ಟು ದೊಡ್ಡ ಮನಸ್ಸಿಲ್ಲ. ವೇಗ ಬದಲಿಸಿದೆ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಫ್ಲಾಪಿಯನ್ನು ಬೈದೆ. ಬೇರೆ ಕೇಬಲ್ ತರಲು ಶಪಥ ಮುರಿದು ಚಿಕ್ಕೋಡಿಗೂ ಹೋಗಿಬಂದೆ. ಪರದೆ ತನ್ನ ಮಾತು ಬಿಡಲಿಲ್ಲ, ನಾನು ನನ್ನ ಹಟ ಬಿಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬುತ್ತಿ ಬಿಚ್ಚುತ್ತ ಶಾಂತಾಬಾಯಿ ಕೇಳಿದರು: “ಅದರ ತಳಾ ಒಮ್ಮಿ ನೋಡಿದ್ರೇನ್ರಿ ಸರ್?”

“ಬಾಯಾರ, ನಾ ಇದನ್ನ ಕಣ್ಣು ಮುಚ್ಚಿ ಜೋಡಸ್ತೀನ್ರಿ,” ಎಂದೆ ಬಿಗುಮಾನದಿಂದ.

ತೊಂದರೆ ಅದೇ ಆಗಿತ್ತು. ಅವರ ಮಾತಿಗಾದರೂ ಎಂದು ಟಾರ್ಚು ಹಿಡಿದು ಬಗ್ಗಿ ನೋಡಿದರೆ, ಕೇಬಲ್ ಕೂರುವ ಸಣ್ಣ ತೂತುಗಳ ತುಂಬ ಒಣಗಿದ ಅರಿಸಿನ, ಕುಂಕುಮ.

“ಯಾರ್ರಿ ಇದನ್ನ ಹಚ್ಚಿದವರು?”

“ನೀವೇ ರೀ. ಹೋದ ವರ್ಷ ಖಂಡೇನವಮಿ ದಿನ. ಯಾರೂ ಒರಸಬ್ಯಾಡ್ರಿ, ಮಷೀನ್ ಮುಟ್ಟಬ್ಯಾಡ್ರಿ ಅಂತ ಹೇಳಿ ಹೋದ್ರಿ.”

ನೆನಪಾಯಿತು. ನಮ್ಮ ಕಡೆ ಆಯುಧಪೂಜೆಯ ಆ ದಿನ ಕುಡಗೋಲಿನಿಂದ ಲಾರಿಯವರೆಗೆ ಎಲ್ಲಕ್ಕೂ ಪೂಜೆ. ಪೆಟ್ಟಿಗೆಗೆ ಮಾತು ಹೋಗುವ ಬಾಯಿ ಅದೇ ಎಂದು ಭಕ್ತಿಯಿಂದ ಅಲ್ಲಿಗೇ ಧಾರಾಳವಾಗಿ ಮೆತ್ತಿದ್ದೆ.

“ಮೂರು ದಿನಾ ಯಾಕ ಹೇಳ್ಲಿಲ್ರಿ?”

“ನೀವು ನನ್ನ ಕೇಳ್ಲಿಲ್ಲಲ್ರಿ.”

ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟಿನಲ್ಲಿ ಅದ್ದಿ ತಿಕ್ಕಿದೆ. ಸಂಪರ್ಕ ಸಿಕ್ಕಿತು. ಹತ್ತು ನಿಮಿಷದಲ್ಲಿ ಹೊಸ ಫೋನಿನ ಗುರುತನ್ನು ಪೆಟ್ಟಿಗೆಗೆ ತಿಳಿಸಿದೆ. ಸಂಜೆ ಕೊಲ್ಲಾಪುರದಿಂದ ಬಂದ ಕರೆಯನ್ನು ಶಾಂತಾಬಾಯಿ ಎರಡು ಗುಂಡಿ ಒತ್ತಿ ಕೆಳಗೆ ಕಳಿಸಿದರು. ಅಭ್ಯಾಸಬಲದಿಂದ ಮೊಣಕಾಲ ಮೇಲೆ ಕೈಯೂರಿ ಅರ್ಧ ಎದ್ದರು. ವಖಾರಿಯಲ್ಲಿ ಫೋನಿನ ಗಂಟೆ ಹೊಡೆದದ್ದೂ ಯಾರೋ ಎತ್ತಿ ಮಾತಾಡಿದ್ದೂ ಕೇಳಿಸಿತು. ಅವರು ಮೆಲ್ಲಗೆ ಕುಳಿತುಕೊಂಡರು.

ಆ ವರ್ಷದ ಖಂಡೇನವಮಿಗೆ ಪೇಢಿಯವರು ನನ್ನನ್ನೂ ಕರೆದಿದ್ದರು. ಶಾಂತಾಬಾಯಿ ಪೆಟ್ಟಿಗೆಯ ನೆತ್ತಿಗೆ ಒಂದೇ ಒಂದು ಚೆಂಡುಹೂವು ಇಟ್ಟರು. ನಾನು ಕುಂಕುಮದ ಬಟ್ಟಲಿಗೆ ಕೈಹಾಕುವಷ್ಟರಲ್ಲಿ ಅದನ್ನು ಎತ್ತಿಕೊಂಡು, ನನ್ನ ಹಣೆಗೇ ಒಂದು ದೊಡ್ಡ ಬೊಟ್ಟು ಇಟ್ಟರು.

“ಇಲ್ಲೇ ಇರ್ಲಿ ಸರ್,” ಎಂದರು, “ಮೂರು ದಿನಾ ಲೈನ್ ಸಿಗದಿದ್ದದ್ದು ಇಲ್ಲೇ.”