ಬೂದಿಯ ಮೇಲೆ ನಲವತ್ತೊಂದು ಅಡಿ

ಆ ಭಾನುವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ನಾನು ನಿಂತಿದ್ದದ್ದು ಅಕ್ಕಿ ಮಿಲ್ಲಿನ ಹಿಂಗೋಡೆಯಿಂದ ಹದಿನಾಲ್ಕು ಹೆಜ್ಜೆ ಈಚೆಗೆ, ಬೂದಿ ದಿಬ್ಬದ ಬುಡದಲ್ಲಿ. ಶಿಕಾರಿಪುರದಿಂದ ಸೊರಬದ ಕಡೆಗೆ ಹೋಗುವ ರಸ್ತೆಯ ಪಕ್ಕದ ಮಿಲ್ಲು ಅದು. ದೀಪಾವಳಿ ಕಳೆದು ಮೂರನೆಯ ವಾರ. ಇಬ್ಬನಿ ಇನ್ನೂ ಆರಿರಲಿಲ್ಲ. ನನ್ನ ಬಲಗೈಯಲ್ಲಿ ಅಳತೆಯ ಟೇಪು ಇತ್ತು, ಎಡಗೈಯಲ್ಲಿ ಯಾತ್ರೆಯವರ ಟವೆಲ್ಲು. ಅವರು ದಿಬ್ಬದ ತುದಿಯಲ್ಲಿ, ಎರಡು ಬಿದಿರು ಹಲಗೆಗಳ ಮೇಲೆ ಮೊಣಕಾಲು ಮಡಿಸಿ ನಿಂತಿದ್ದರು. ಮುಂದಕ್ಕೆ ಚಾಚಿದ ಮುಂಗೈಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಆ ಕೈಗಳ ಮೇಲೆ ಒಂದು ಕೂದಲೂ ಇರಲಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದೊಡ್ಡ ಒಲೆಗಳ ಮುಂದೆ ದುಡಿದ ಕೈಗಳು. ಬೆಳೆದ ಕೂದಲನ್ನೆಲ್ಲ ಬೆಂಕಿ ಆಗಾಗ ತೆಗೆದುಕೊಂಡಿತ್ತು.

ಶಿಕಾರಿಪುರದಲ್ಲಿ ಅವರದು ನಮ್ಮ ಪಕ್ಕದ ಮನೆ. ಊರಿನಲ್ಲಿ ಎಲ್ಲರೂ ಅವರನ್ನು ಯಾತ್ರೆಯವರು ಎಂದೇ ಕರೆಯುತ್ತಿದ್ದರು. ವರ್ಷಕ್ಕೆ ಎರಡು ಮೂರು ಸಲ ಬಸ್ಸು ಗೊತ್ತುಮಾಡಿ ಜನರನ್ನು ಕಾಶಿಗೆ, ರಾಮೇಶ್ವರಕ್ಕೆ, ಹರಿದ್ವಾರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಕ್ಕಿ, ರವೆ, ಹಪ್ಪಳ, ಗ್ಯಾಸ್ ಒಲೆ, ಹಂಡೆ ಎಲ್ಲವೂ ಬಸ್ಸಿನ ಹೊಟ್ಟೆಯಲ್ಲೇ. ಅಡುಗೆಯೂ ಅವರದೇ. ಜನ ದೇವರ ದರ್ಶನಕ್ಕೆ ಹೋದಾಗ ಇವರು ಛತ್ರದ ಹಿತ್ತಲಲ್ಲಿ ಉಪ್ಪಿಟ್ಟು ಕೆದಕುತ್ತಿದ್ದರು. ಅವರ ಹೆಂಡತಿ ನನ್ನೆದುರಿಗೇ ಒಮ್ಮೆ ಹೇಳಿದ್ದರು: "ಇವ್ರು ಕಾಶಿಗೆ ಹೋಗದ ವರ್ಷ ಇಲ್ರಿ. ಆದ್ರ ಗಂಗೆ ನೋಡಿದ್ದು ಪಾತ್ರೆ ತೊಳೆಯಾಕ ಹೋದಾಗ ಮಾತ್ರ."

ಬಸ್ಸು ಹೊರಡುವ ಮುಂಚೆ ಅವರು ಬಾಗಿಲಿನಿಂದ ಹಿಂದಿನ ಸೀಟಿನವರೆಗೆ ನಡೆದು ತಲೆ ಎಣಿಸುತ್ತಿದ್ದರು. ತಿರುಗಿ ಬರುವಾಗ ಮತ್ತೊಮ್ಮೆ ಎಣಿಸುತ್ತಿದ್ದರು. ಎರಡೂ ಸಲ ಒಂದೇ ಸಂಖ್ಯೆ ಬಂದರೆ ಮಾತ್ರ ಡ್ರೈವರ್‌ಗೆ "ಬಿಡ್ರಿ" ಎನ್ನುತ್ತಿದ್ದರು. ಅಷ್ಟು ವರ್ಷಗಳಲ್ಲಿ ಒಬ್ಬರನ್ನೂ ಅವರು ದಾರಿಯಲ್ಲಿ ಬಿಟ್ಟು ಬಂದವರಲ್ಲ.

ನಾನು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಒಂದು ಸಂಜೆ ಕಾಂಪೌಂಡಿನ ಮೇಲಿಂದ ಬಗ್ಗಿ ಕೇಳಿದರು:

"ಸರ್ವೇಯರ್ರೆ, ಹಿಮದ ಮ್ಯಾಲೆ ಜಾರಾಕ ಬರ್ತೀರೇನ್ರಿ?"

ನಾನು ನಕ್ಕೆ. ಅವರು ನಗಲಿಲ್ಲ. ಹಿಂದಿನ ಚಳಿಗಾಲದಲ್ಲಿ ಹಿಮಾಚಲದ ದೇವಿಯ ಕ್ಷೇತ್ರಗಳಿಗೆ ಬಸ್ಸು ಒಯ್ದಿದ್ದರು. ದಾರಿಯಲ್ಲಿ ಹಿಮ ಬಿದ್ದು ಬಸ್ಸು ಅರ್ಧ ದಿನ ನಿಂತಿತು. ಎದುರಿನ ಇಳಿಜಾರಿನಲ್ಲಿ ಒಬ್ಬ ಮುದುಕ ಬೆನ್ನಿಗೆ ಹಾಲಿನ ಕ್ಯಾನು ಕಟ್ಟಿಕೊಂಡು, ಕಾಲಿಗೆ ಹಲಗೆ ಕಟ್ಟಿಕೊಂಡು ಜಾರಿ ಬಂದ. ಇವರು ಒಲೆ ಆರಿಸಿ ಅವನ ಹತ್ತಿರ ಹೋದರು. ಆತ ಹಲಗೆಗಳನ್ನು ಬಿಚ್ಚಿ ಇವರ ಕಾಲಿಗೆ ಕಟ್ಟಿದ. ಇವರು ಸ್ವಲ್ಪ ದೂರ ಜಾರಿ ಬಿದ್ದರು. ಮುದುಕ ಎಬ್ಬಿಸಿ, ಬೆನ್ನಿಗೆ ಅಂಟಿದ ಹಿಮ ಕೊಡವಿ, ಮನೆಗೆ ಕರೆದೊಯ್ದು ಚಹಾ ಕೊಟ್ಟ.

"ಹತ್ತು ಅಡಿ ಹೋದೆ ಕಣ್ರೀ. ಬಸ್ಸಿನ್ಯಾಗ ಅಲ್ಲ, ಯಾರೂ ಎಳೀಲಿಲ್ಲ, ದೂಡಲಿಲ್ಲ. ಹಿಂದ ಯಾರು ಬರ್ತಾರ ಅಂತ ತಿರುಗಿ ನೋಡ್ಲಿಲ್ಲ. ನಂಗಂತ ನಾ ಹೋಗಿದ್ದು ಅದೊಂದ ಹತ್ತು ಅಡಿ."

ಅವರಿಗೆ ಬೇಕಾಗಿದ್ದದ್ದು ಇಷ್ಟೇ: ತಾನು ಅಡುಗೆಯವನಲ್ಲದ ಒಂದು ಪ್ರಯಾಣ. ಸಕ್ಕರೆ ಕಾಯಿಲೆ ಕಾಲಿನ ಬೆರಳುಗಳಿಗೆ ಇಳಿದಿತ್ತು. ಇನ್ನೊಂದು ಚಳಿಗಾಲ ಬಿಟ್ಟರೆ ಕಾಲು ಮಾತು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಔಲಿ, ಗುಲ್ಮಾರ್ಗದಂಥ ಹಿಮದಾಟಕ್ಕೆ ಹೆಸರಾದ ಜಾಗಗಳು ಅವರಿಗೆ ಬೇಡವಾಗಿದ್ದವು. "ದೊಡ್ಡ ಜಾಗದಾಗ ನಾವು ಬಿದ್ರೆ ವಿಡಿಯೋ ತೆಗೀತಾರ. ಸಣ್ಣ ಊರಾಗ ಬಿದ್ರೆ ಎಬ್ಬಿಸ್ತಾರ," ಎನ್ನುತ್ತಿದ್ದರು. ಹಾಗಾಗಿ ಜಾರುವವರನ್ನು ಮೇಲಕ್ಕೆ ಎಳೆದೊಯ್ಯುವ ಒಂದು ಹಗ್ಗ, ಒಂದು ಚಹಾ ಅಂಗಡಿ, ಒಂದು ಇಳಿಜಾರು ಇರುವ ಸಣ್ಣ ಸಣ್ಣ ಜಾಗಗಳನ್ನು ಹುಡುಕಿದರು. ಯಾತ್ರೆಯ ಉದ್ದನೆಯ ಪುಸ್ತಕದಲ್ಲಿ ಕ್ಷೇತ್ರಗಳ ಹೆಸರು ಬರೆಯುವ ಜಾಗದಲ್ಲೇ ನಾರ್ಕಂಡ, ದಯಾರಾ, ಮುನ್ಸ್ಯಾರಿ ಎಂದು ಬರೆದರು. ಎದುರಿಗೆ ಎಂದಿನಂತೆ ಬೆಳಗಿನ ತಿಂಡಿ ಏನು, ನೀರು ಎಲ್ಲಿ ಹಿಡಿಯುವುದು ಎಂದೂ ಬರೆದರು. ಅದನ್ನು ಬಿಡಲು ಅವರಿಗೆ ಬರಲಿಲ್ಲ.

ಜನ ಸೇರಿಸಲು ಅವರು ಹಳ್ಳಿಗಳನ್ನು ಸುತ್ತುವಾಗ ಎರಡು ಸಲ ನಾನೂ ಜೊತೆಗಿದ್ದೆ. ಉಡುತಡಿಯಲ್ಲಿ ಒಂದು ಮನೆಯ ಜಗುಲಿಯ ಮೇಲೆ ನಡೆದ ಮಾತು ನನಗೆ ಪೂರ್ತಿ ನೆನಪಿದೆ. ಆ ಮನೆಯ ಯಜಮಾನರು ಕೇಳಿದರು:

"ಅಲ್ಲಿ ಯಾವ ದೇವರು ಐತ್ರಿ?"

"ದೇವರು ಇಲ್ರಿ. ಹಿಮ ಐತಿ."

"ಹಿಮ ನೋಡಿ ಏನು ಮಾಡೂದು?"

"ನೋಡೂದಲ್ರಿ, ಅದರ ಮ್ಯಾಲೆ ಜಾರೂದು."

ಯಜಮಾನರು ಹೆಂಡತಿಯ ಕಡೆ ತಿರುಗಿದರು. "ಕೇಳಿದೇನ? ಬಚ್ಚಲಾಗ ಜಾರಿ ಬಿದ್ದಿದ್ಯಲ್ಲ, ಅದಕ್ಕೂ ಒಂದು ಟೂರ್ ಮಾಡ್ಯಾರ."

ಮನೆಯವರೆಲ್ಲ ನಕ್ಕರು. ಇವರೂ ನಕ್ಕರು.

ಕೊನೆಗೆ ಹೆಸರು ಕೊಟ್ಟವರು ಮೂವರು. ಒಬ್ಬ ನಾನು. ಇನ್ನೊಬ್ಬರು ಜಡೆ ಊರಿನ ಸುಶೀಲಕ್ಕ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. "ನಿಮ್ಮ ಕಾಲು ನೋಡ್ಕೊಳೋಕೆ ಒಬ್ರು ಬೇಕಲ್ಲ ಮಾರಾಯ್ರೆ, ಅದಕ್ಕೆ ಬರ್ತೀನಿ. ಜಾರೋದೆಲ್ಲ ನೀವೇ ಜಾರ್ಕೊಳಿ," ಎಂದಿದ್ದರು. ಮೂರನೆಯವರು ಕುಪ್ಪಗಡ್ಡೆಯ ಬಡಗಿ ಮೌನೇಶಾಚಾರ್ರು. ಅಭ್ಯಾಸಕ್ಕೆಂದು ಹಲಗೆ ಮಾಡಿಕೊಟ್ಟವರು ಅವರೇ. ಬಿದಿರಿನ ದಬ್ಬೆಗಳನ್ನು ಒತ್ತಾಗಿ ಜೋಡಿಸಿ, ಮುಂದಿನ ತುದಿಯನ್ನು ಯಾತ್ರೆಯ ಇಡ್ಲಿ ಹಂಡೆಯ ಹಬೆಯಲ್ಲಿ ಮೆತ್ತಗೆ ಮಾಡಿ ಮೇಲಕ್ಕೆ ಬಾಗಿಸಿದರು. ಕಾಲು ಕಟ್ಟಲು ಹಳೆಯ ಟ್ಯೂಬಿನ ಪಟ್ಟಿ, ಹಲಗೆಯ ತಳಕ್ಕೆ ಜೇನುಮೇಣ. "ಇಡ್ಲಿ ಹಂಡೇಲಿ ಬಿದಿರು ಬೇಯಿಸಿದ ಮೊದಲ್ನೇ ಆಚಾರಿ ನಾನೇ ಮಾರಾಯ್ರೆ," ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಇತ್ತ ಪುಸ್ತಕದಲ್ಲಿ ಜಾಗಗಳು ಕಮ್ಮಿಯಾಗತೊಡಗಿದವು. ಇವರು ಛತ್ರಗಳಲ್ಲಿ ಕಲಿತ ತಮ್ಮ ಹಿಂದಿಯಲ್ಲಿ ಫೋನು ಮಾಡುತ್ತಿದ್ದರು. ಒಂದು ಕಡೆಯವರು, ಹಿಮ ಬಿದ್ದರೆ ಹೇಳುತ್ತೇವೆ, ಈಚೆಗೆ ಬೀಳುವುದೇ ಅಪರೂಪ ಎಂದರು. ಇನ್ನೊಂದು ಕಡೆಯವರು, ಹಗ್ಗ ಎಳೆಯುವ ಯಂತ್ರ ಕೆಟ್ಟು ಬಹಳ ಕಾಲವಾಯಿತು ಎಂದರು. ಅವರು ಹೆಸರಿನ ಮೇಲೆ ಗೀಟು ಎಳೆಯುತ್ತಿರಲಿಲ್ಲ. ಪಕ್ಕದಲ್ಲಿ "ಮುಂದೆ ನೋಡುವ" ಎಂದು ಬರೆಯುತ್ತಿದ್ದರು. ಕೊನೆಗೆ ಉಳಿದದ್ದು ಒಂದೇ ಜಾಗ.

ಅಭ್ಯಾಸಕ್ಕೆ ಮಿಲ್ಲಿನ ಬೂದಿ ದಿಬ್ಬವನ್ನು ಹುಡುಕಿದವರೂ ಅವರೇ. ಆ ಮಿಲ್ಲಿನಲ್ಲಿ ಭತ್ತ ಬೇಯಿಸಲು ಬಾಯ್ಲರಿಗೆ ಭತ್ತದ ಹೊಟ್ಟನ್ನೇ ಹಾಕುತ್ತಾರೆ. ಉರಿದು ಉಳಿದ ಬೂದಿ ಹಿಂದೆ ಗುಡ್ಡದಂತೆ ಬೀಳುತ್ತದೆ. ಚೆನ್ನಾಗಿ ಉರಿದದ್ದು ಬೆಳ್ಳಗಿರುತ್ತದೆ. ಬೆಳಗಿನ ಇಬ್ಬನಿಗೆ ಮೇಲೆ ತೆಳುವಾದ ಪದರ ಕಟ್ಟುತ್ತದೆ. ದೂರದಿಂದ ನೋಡಿದಾಗ ಅವರು ನನ್ನ ತೋಳು ಹಿಡಿದು, "ಹಿಂಗ ಇರ್ತತಿ ನೋಡ್ರಿ," ಎಂದಿದ್ದರು.

ಬೂದಿಯ ಒಳಗೆ ಬಹಳ ದಿನ ಕೆಂಡ ಉಳಿಯುತ್ತದೆ ಎಂಬುದು ನಮಗೆ ಗೊತ್ತಿತ್ತು. ಬಾಯ್ಲರ್ ನೋಡಿಕೊಳ್ಳುವ ರಫೀಕ್ ಮೊದಲ ದಿನವೇ ಹೇಳಿದ್ದ. ಯಾವ ಭಾಗ ಆರಿದೆ ಎಂದು ತಿಳಿಯಲು ಮಿಲ್ಲಿನವರಿಗೆ ಒಂದು ರೂಢಿಯಿತ್ತು. ಅಲ್ಲಿ ಒಂದು ಕಂದು ಬಣ್ಣದ ನಾಯಿ ಇತ್ತು. ಅದು ಬೆಳಿಗ್ಗೆ ಎಲ್ಲಿ ಮಲಗಿರುತ್ತದೋ ಆ ಭಾಗ ಆರಿದೆ ಎಂದು ಲೆಕ್ಕ. "ನಾಯಿಗಿಂತ ಬೇರೆ ಥರ್ಮಾಮೀಟರ್ ಬೇಕೇನ್ರಿ?" ಎಂದಿದ್ದ ರಫೀಕ್. ಆದರೂ ನಾವು ಪ್ರತಿ ಸಲ ಅವನನ್ನು ಕೇಳಿಯೇ ಹತ್ತುತ್ತಿದ್ದೆವು. ನಾಲ್ಕು ಭಾನುವಾರ ಹಾಗೆಯೇ ನಡೆಯಿತು. ಅವರು ಬಿದ್ದರು, ಎದ್ದರು. ಹತ್ತು ಅಡಿ ಹದಿನೈದಾಯಿತು, ಹದಿನೈದು ಇಪ್ಪತ್ತಾಯಿತು. ಪ್ರತಿ ಸಲವೂ ನಾನು ಟೇಪು ಹಿಡಿದು ಅಳೆದೆ. ಇಳಿಜಾರಿನ ಕೋನವನ್ನೂ ಅಳೆದುಕೊಟ್ಟೆ. ಆ ಅಂಕಿಗಳನ್ನು ಅವರು ಪುಸ್ತಕದಲ್ಲಿ ಬರೆದುಕೊಂಡರು.

ಐದನೆಯ ಭಾನುವಾರ ನಾವು ನಾಲ್ವರೂ ಬೇಗ ಹೋದೆವು. ಹಿಂದಿನ ದಿನ ಸಂಜೆ ಉಳಿದ ಆ ಒಂದೇ ಜಾಗದಿಂದ ಫೋನು ಬಂದಿತ್ತು: ಹಿಮ ಬಿದ್ದಿದೆ, ಬನ್ನಿ. ಅವರಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ರಫೀಕ್ ಬಾಯ್ಲರ್ ಕೋಣೆಯಲ್ಲಿದ್ದ. ನಾಯಿ ದಿಬ್ಬದ ಮೇಲೆ ಮಲಗಿತ್ತು. ನಾವು ಅವನನ್ನು ಕೇಳಲಿಲ್ಲ.

ಮುಂದಿನದನ್ನು ನಾನು ನೋಡಿದ ಕ್ರಮದಲ್ಲೇ ಬರೆಯುತ್ತೇನೆ. ದಿಬ್ಬದ ಬುಡವನ್ನು ಹೆಜ್ಜೆಯಲ್ಲಿ ಅಳೆದಾಗ ಅದು ಹಿಂದಿನ ವಾರಕ್ಕಿಂತ ಆರು ಹೆಜ್ಜೆ ಮುಂದಕ್ಕೆ ಬಂದಿತ್ತು. ಇದನ್ನು ನಾನು ಗಮನಿಸಿದೆ. ಜಾರಲು ಜಾಗ ಹೆಚ್ಚಾಯಿತು, ಒಳ್ಳೆಯದೇ ಆಯಿತು ಎಂದುಕೊಂಡೆ. ಹೆಚ್ಚಾದದ್ದು ಎಲ್ಲಿಂದ ಬಂತು ಎಂದು ಕೇಳಿಕೊಳ್ಳಲಿಲ್ಲ. ಮೂವತ್ತನಾಲ್ಕು ವರ್ಷ ನಾನು ಮಾಡಿದ ಕೆಲಸವೇ ಅದು: ಗಡಿ ಸರಿದಿದ್ದರೆ ಯಾಕೆ ಸರಿಯಿತು ಎಂದು ಕೇಳುವುದು.

ಅವರು ಟವೆಲ್ಲು ನನ್ನ ಕೈಗೆ ಕೊಟ್ಟು ಮೇಲೆ ಹತ್ತಿದರು. ತುದಿಯಲ್ಲಿ ನಿಂತು, ಅಭ್ಯಾಸ ಬಲದಿಂದ, ಕೆಳಗಿದ್ದ ನಮ್ಮ ತಲೆ ಎಣಿಸಿದರು. "ಒಂದು, ಎರಡು, ಮೂರು. ಬಿಡ್ರಿ!" ಎಂದು ತಮಗೆ ತಾವೇ ಹೇಳಿಕೊಂಡು ಹೊರಟರು. ಬೀಳಲಿಲ್ಲ. ನಾಯಿ ಮಲಗಿದ್ದ ಜಾಗವನ್ನು ದಾಟಿ, ಹೊಸದಾಗಿ ಬೆಳೆದಿದ್ದ ಬದಿಗೆ ತಿರುಗಿ, ಬುಡಕ್ಕೆ ಸ್ವಲ್ಪ ಮೇಲೆ ತಾವಾಗಿಯೇ ನಿಂತರು. ಸುಶೀಲಕ್ಕ ಚಪ್ಪಾಳೆ ತಟ್ಟಿದರು. ಅವರು ಎರಡೂ ಕೈ ಮೇಲೆತ್ತಿ ನಕ್ಕರು.

ನಾನು ಹೇಳಿದೆ: "ಹಲಗೆ ಅಲ್ಲೇ ಇರಲಿ. ಗುರುತು ಬೇಕು, ಅಳೀತೀನಿ. ನೀವು ಬಿಚ್ಚಿ ಇಳೀರಿ."

ಅವರು ಬಗ್ಗಿ ಎಡಗಾಲಿನ ಪಟ್ಟಿ ಬಿಚ್ಚಿದರು. ಎಡಗಾಲನ್ನು ಹಲಗೆಯಿಂದ ಎತ್ತಿ ಬೂದಿಯ ಮೇಲೆ ಇಟ್ಟರು. ಹಲಗೆಯ ಮೇಲಿದ್ದಷ್ಟು ಹೊತ್ತು ಭಾರ ಹರಡಿಕೊಂಡು ಮೇಲಿನ ಪದರ ತಡೆದಿತ್ತು. ಬರಿಯ ಪಾದವನ್ನು ತಡೆಯಲಿಲ್ಲ. ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಹೋದ ಜಾಗದಲ್ಲಿ ಕೆಂಪು ಕಂಡಿತು. ಅದು ಶನಿವಾರ ಸುರಿದ ಬೂದಿ.

ಅವರು ಕೂಗಲಿಲ್ಲ. ಮೊದಲು ಹೇಳಿದ್ದು, "ಯಾರೂ ಹತ್ರ ಬರಬ್ಯಾಡ್ರಿ." ಎರಡು ಸಲ ಹೇಳಿದರು. ಮೌನೇಶಾಚಾರ್ರು ಗೋಡೆಗೆ ಒರಗಿಸಿದ್ದ ಬಿದಿರು ಗಳವನ್ನು ಚಾಚಿ ಅವರನ್ನು ಎಳೆದುಕೊಂಡರು. ರಫೀಕ್ ನೀರಿನ ಪೈಪು ಎಳೆದುಕೊಂಡು ಓಡಿ ಬಂದ. ಸುಶೀಲಕ್ಕ ಕಾಲಿನ ಮೇಲೆ ನೀರು ಬಿಡಿಸುತ್ತಲೇ ಇದ್ದರು. ನಾನು ಟೇಪು ಹಿಡಿದುಕೊಂಡು ನಿಂತಿದ್ದೆ. ಎಷ್ಟು ಹೊತ್ತು ನಿಂತಿದ್ದೆ ಎಂದು ನನಗೆ ಗೊತ್ತಿಲ್ಲ. ಆ ಬೆಳಗಿನಲ್ಲಿ ನನಗೆ ಗೊತ್ತಿಲ್ಲದ ಒಂದೇ ಅಳತೆ ಅದು ಎಂದು ಬರೆಯಬಹುದಿತ್ತು, ಆದರೆ ಇನ್ನೊಂದಿದೆ.

ಶಿಕಾರಿಪುರದ ಆಸ್ಪತ್ರೆಯಿಂದ ಶಿವಮೊಗ್ಗಕ್ಕೆ ಕಳಿಸಿದರು. ಸಕ್ಕರೆ ಕಾಯಿಲೆಯ ಮೈ; ಗಾಯ ಮಾಗಲಿಲ್ಲ, ನಂಜು ಏರಿತು. ಕಾಲು ತೆಗೆದರು. ಆಮೇಲೂ ಜ್ವರ ಇಳಿಯಲಿಲ್ಲ. ಒಂಬತ್ತನೆಯ ದಿನ ನಾನು ಹಾಸಿಗೆಯ ಪಕ್ಕದಲ್ಲಿದ್ದಾಗ ಅವರು ಕಣ್ಣು ತೆರೆದರು. ಅವರ ಹೆಂಡತಿ ತುಟಿಗೆ ನೀರು ಮುಟ್ಟಿಸುತ್ತಿದ್ದರು.

"ಸರ್ವೇಯರ್ರೆ, ಎಷ್ಟು ಬಂತ್ರಿ?"

ಯಾವುದನ್ನು ಕೇಳುತ್ತಿದ್ದಾರೆಂದು ನನಗೆ ಕೂಡಲೇ ತಿಳಿಯಿತು. ನಾನು ಅಳೆದಿರಲಿಲ್ಲ. ನೀರು ಬಿಟ್ಟು, ಓಡಾಡಿ, ಹಲಗೆಯ ಜಾಡು ಅಳಿಸಿಹೋಗಿತ್ತು.

"ನಲವತ್ತೊಂದು ಅಡಿ," ಎಂದೆ.

"ನಲವತ್ತೊಂದ?" ಎಂದು ಹೆಂಡತಿಯ ಕಡೆ ನೋಡಿದರು. "ಬಿದ್ದಿಲ್ಲ ಕಣೇ, ನಿಂತೆ. ಪುಸ್ತಕದಾಗ ಬರೀರಿ."

ಹನ್ನೊಂದನೆಯ ದಿನ ಬೆಳಿಗ್ಗೆ ಹೋದರು.

ಬೇರೆಯವರ ಜಮೀನಿನ ಅಳತೆಯಲ್ಲಿ ನಾನು ಒಂದು ಗೇಣೂ ಊಹೆಯಿಂದ ಬರೆದವನಲ್ಲ. ಆ ಪುಸ್ತಕದಲ್ಲಿ ನಲವತ್ತೊಂದು ಎಂಬುದು ನನ್ನ ಅಕ್ಷರದಲ್ಲೇ ಇದೆ. ಅವರ ಹೆಂಡತಿ ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾರೆ. ತಿದ್ದುವ ಧೈರ್ಯ ನನಗಿಲ್ಲ; ತಿದ್ದಲು ಸರಿಯಾದ ಸಂಖ್ಯೆಯೂ ಇಲ್ಲ. ಹಿಮ ಬಿದ್ದಿದೆ ಎಂದು ಫೋನು ಮಾಡಿದ್ದವರು ಮತ್ತೆರಡು ಸಲ ಅವರ ನಂಬರಿಗೆ ಕರೆ ಮಾಡಿದರಂತೆ. ಮನೆಯಲ್ಲಿ ಯಾರೂ ಎತ್ತಲಿಲ್ಲ. ಹಿಂದಿಯಲ್ಲಿ ಏನು ಹೇಳಬೇಕೆಂದು ಮನೆಯವರಿಗೆ ತಿಳಿಯಲಿಲ್ಲ. ದಿಬ್ಬವನ್ನು ಇಟ್ಟಿಗೆ ಭಟ್ಟಿಯವರು ತುಂಬಿಕೊಂಡು ಹೋದರು. ಈಗ ಅಲ್ಲಿ ಹೊಸದು ಬೆಳೆಯುತ್ತಿದೆ. ನಾಯಿ ಅದರ ಮೇಲೆ ಮಲಗುತ್ತದೆ. ಟವೆಲ್ಲು ನನ್ನ ಹತ್ತಿರವೇ ಉಳಿದಿದೆ. ಹಿಂದಕ್ಕೆ ಕೊಡಲು ಎರಡು ಸಲ ಅವರ ಬಾಗಿಲವರೆಗೆ ಹೋಗಿ ಬಂದೆ.

ನಾನು ಬರೆದದ್ದು ನಿಜವೇ ಎಂದು ಕೇಳಬೇಕೆನ್ನುವವರಿಗೆ, ಆ ಬೆಳಿಗ್ಗೆ ಅಲ್ಲಿದ್ದು ಕಂಡವರು ಇನ್ನೂ ಇದ್ದಾರೆ. ಜಡೆಯಲ್ಲಿ ಸುಶೀಲಕ್ಕ ಇದ್ದಾರೆ. ಕುಪ್ಪಗಡ್ಡೆಯಲ್ಲಿ ಮೌನೇಶಾಚಾರ್ರು ಇದ್ದಾರೆ. ಬಿದಿರಿನ ಕೆಲಸ ಬಿಟ್ಟಿದ್ದಾರೆ. ಮಿಲ್ಲಿನ ಬಾಯ್ಲರ್ ಕೋಣೆಯಲ್ಲಿ ರಫೀಕ್ ಇದ್ದಾನೆ. ಅವನ ಕಿಟಕಿಯಿಂದ ದಿಬ್ಬ ಕಾಣುತ್ತದೆ. ಒಂದು ಮಾತು ಕೇಳಿದ್ದರೆ ಅವನು ಹೇಳುತ್ತಿದ್ದ.