ಅಕ್ಕನಾಗಮ್ಮ ಅಕ್ಕೋರ ಹಾಜರಿ

ಮೂವತ್ತೈದು ವರ್ಷ ಹಾಜರಿ ಪುಸ್ತಕ ತುಂಬಿದವನು ನಾನು. ಹುಡುಗ ಕಣ್ಣ ಮುಂದೆ ಕುಳಿತಿದ್ದರೆ ಹಾಜರು, ಇಲ್ಲದಿದ್ದರೆ ಗೈರು. ಇಷ್ಟನ್ನು ತಿಳಿಯಲು ಎಂ.ಎ. ಆಗಬೇಕಾಗಿಲ್ಲ. ಆದರೆ ಎಂ.ಎ. ಆದ ಒಬ್ಬ ಮಹಾಶಯರಿಗೆ ಇಷ್ಟನ್ನು ತಿಳಿಸಿಕೊಡಲು ನಮ್ಮ ಅಕ್ಕನಾಗಮ್ಮನವರಿಗೆ ಒಂದು ವರ್ಷ ಹಿಡಿಯಿತು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎಂದು ಕರೆಯುತ್ತಾರೆ. ಅಕ್ಕನಾಗಮ್ಮ ಅಕ್ಕೋರು ಮೊದಲು ತಿಕೋಟಾದಲ್ಲಿ, ಆಮೇಲೆ ಬಬಲೇಶ್ವರದಲ್ಲಿ ಒಂದನೆಯ ಇಯತ್ತೆಗೆ ಕಲಿಸಿದವರು. ಬಬಲೇಶ್ವರದ ಶಾಲೆಯಲ್ಲಿ ನನ್ನ ಕೋಣೆಗೂ ಅವರ ಕೋಣೆಗೂ ನಡುವೆ ಒಂದೇ ಗೋಡೆ. ಅವರ ಗಂಡ ಶಿವಯೋಗೆಪ್ಪನವರದು ಪೇಟೆಯಲ್ಲಿ ಬೇಳೆ, ಬೆಲ್ಲದ ಸಣ್ಣ ಅಂಗಡಿ; ಮಾತು ಕಡಿಮೆಯ ಮನುಷ್ಯ.

ಊರಿಗೆ ಹೈಸ್ಕೂಲು ಬಂದಾಗ ಅಲ್ಲಿ ಗಂಡು ಮಾಸ್ತರರೇ ಇದ್ದಾರೆಂದು ಯಾರೂ ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ಏಳನೆಯ ಇಯತ್ತೆಯಲ್ಲಿ ಹುಡುಗರನ್ನೆಲ್ಲ ಹಿಂದೆ ಹಾಕಿದ ಹುಡುಗಿಯರು ಮನೆಯಲ್ಲಿ ರೊಟ್ಟಿ ಬಡಿಯುತ್ತ ಕುಳಿತರು. ಬಿ.ಎ. ಆದ ಅಕ್ಕೋರೊಬ್ಬರು ಸಿಕ್ಕರೆ ನೇಮಿಸುತ್ತೇವೆ ಎಂದು ಹೈಸ್ಕೂಲಿನ ಕಮಿಟಿಯವರು ಠರಾವು ಮಾಡಿದರು. ಸಿಗುವುದಿಲ್ಲವೆಂಬ ಧೈರ್ಯದಿಂದಲೇ ಮಾಡಿದರು. ಅಕ್ಕನಾಗಮ್ಮನವರು ಆ ಠರಾವನ್ನು ನಿಜವೆಂದು ತಿಳಿದರು. ಕೆಳಗಿನ ಪರೀಕ್ಷೆಗಳನ್ನು ಮನೆಯಲ್ಲಿಯೇ ಓದಿ ಮುಗಿಸಿದ್ದರು. ೧೯೬೨ರ ಜೂನಿನಲ್ಲಿ ಮೂರು ವರ್ಷ ಸಂಬಳವಿಲ್ಲದ ಬಿನ್‌ಪಗಾರಿ ರಜೆ ಪಡೆದು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ವಿಜಾಪುರದ ಒಂದು ಕಾಲೇಜಿಗೆ ಹೆಸರು ಹಚ್ಚಿದರು.

ಊರಿಗೆ ಇದಕ್ಕಿಂತ ದೊಡ್ಡ ತಮಾಷೆ ಆ ವರ್ಷ ಸಿಗಲಿಲ್ಲ. ಬಸ್ಸಿಗೆ ಕಾಯುವಾಗ ಹೋಟೆಲಿನ ಕಟ್ಟೆಯಿಂದ ಕಮಿಟಿಯ ಗುರಲಿಂಗಪ್ಪ ಕೂಗಿದ:

“ಏನ್ರಿ ಅಕ್ಕೋರ, ಮಗಳ ಲಗ್ನಾ ಮಾಡೂ ವಯಸ್ಸಿನ್ಯಾಗ ಪಾಟಿಚೀಲ ಹೊತಗೊಂಡು ಎಲ್ಲಿಗೆ ಹೊಂಟೀರಿ?”

“ನಿಮ್ಮ ಮಗಾ ಮೂರು ಸರ್ತೆ ಕುಂತು ಏಳಲಾರದ ಬಂದಾನಲ್ರಿ, ಅದ ಪರೀಕ್ಷಾಕ್ಕ ಹೊಂಟೇನ್ರಿ,” ಎಂದರು ಅಕ್ಕೋರು.

ಕಟ್ಟೆಯ ಮೇಲಿನವರು ಗುರಲಿಂಗಪ್ಪನನ್ನು ನೋಡಿ ನಕ್ಕರು. ನಕ್ಕವರಿಗೆ ಯಾರನ್ನು ನೋಡಿ ನಕ್ಕರೂ ಸರಿಯೇ. ಶಾಲೆಯಲ್ಲಿ ನಾವು ಮಾಸ್ತರರೂ ಚಹಾ ಕುಡಿಯುತ್ತ ಬೇಕಾದಷ್ಟು ನಕ್ಕೆವು. ಆ ನಗೆಯನ್ನು ನೆನೆದರೆ ಈಗ ಮುಖ ತೊಳೆದುಕೊಳ್ಳಬೇಕೆನಿಸುತ್ತದೆ.

ಎರಡು ವರ್ಷ ಸುಗಮವಾಗಿ ಕಳೆದವು. ಮೂರನೆಯ ವರ್ಷ ಇತಿಹಾಸ ಕಲಿಸಲು ಹಂಚಿನಾಳ ಎಂಬ ಹೊಸ ಲೆಕ್ಚರರು ಬಂದರು. ಬೇಸಗೆಯಲ್ಲಿಯೂ ಕೋಟು, ಕೊರಳಿಗೆ ಟಾಯಿ. ತಮ್ಮ ಗುರುಗಳು ಬರೆಸಿದ ನೋಟ್ಸನ್ನು ಹಳದಿಯಾದ ಹಾಳೆಗಳಿಂದ ಓದಿ ಬರೆಸುವುದೇ ಅವರ ಪಾಂಡಿತ್ಯ. ಹಾಳೆ ಮಡಿಸಿದಲ್ಲಿ ಅಕ್ಷರ ಅಳಿಸಿದ್ದರೆ ಆ ರಾಜನ ಆಳಿಕೆಯೂ ಅಲ್ಲಿಗೇ ಮುಗಿಯುತ್ತಿತ್ತು.

ವಾರದಲ್ಲಿ ಎರಡು ದಿನ ಮೊದಲ ತಾಸು ಅವರದು. ಬಬಲೇಶ್ವರದಿಂದ ಹೊರಡುವ ಮೊದಲ ಬಸ್ಸು ಕಾಯಿಪಲ್ಲೆಯ ಬುಟ್ಟಿಗಳಿಗೆಲ್ಲ ನಿಂತು ನಿಂತು ಬರುತ್ತಿದ್ದುದರಿಂದ ಅಕ್ಕೋರು ಬಾಗಿಲಿಗೆ ಬರುವಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತಿತ್ತು. ಆ ವರ್ಗದಲ್ಲಿ, ವಿಜಾಪುರದಲ್ಲಿಯೇ ಕೋಣೆ ಹಿಡಿದು ಓದುತ್ತಿದ್ದ ತಿಕೋಟಾ, ಬಬಲೇಶ್ವರಗಳ ಹನ್ನೊಂದು ಹುಡುಗರಿದ್ದರು. ಹನ್ನೊಂದು ಜನಕ್ಕೂ ಕೈಹಿಡಿದು ಅಕ್ಷರ ತಿದ್ದಿಸಿದವರು ಅಕ್ಕೋರೇ. ಅವರು ಬಾಗಿಲಲ್ಲಿ ಕಂಡೊಡನೆ ಹನ್ನೊಂದು ಜನ ಎದ್ದು, ಒಂದನೆಯ ಇಯತ್ತೆಯಲ್ಲಿ ನಿಲ್ಲುತ್ತಿದ್ದಂತೆ ಕೈಕಟ್ಟಿ ನೆಟ್ಟಗೆ ನಿಲ್ಲುತ್ತಿದ್ದರು. ಅವರು ಕುಳಿತ ಮೇಲೆ ಇವರು ಕುಳಿತುಕೊಳ್ಳುವರು.

ಮೊದಲ ದಿನ ಹುಡುಗರು ಎದ್ದುದನ್ನು ಕಂಡ ಹಂಚಿನಾಳರು ಪ್ರಿನ್ಸಿಪಾಲರೇ ಬಂದರೆಂದು ತಿಳಿದು, ಕೋಟಿನ ಗುಂಡಿ ಹಾಕಿಕೊಂಡು ಬಾಗಿಲಿಗೆ ತಿರುಗಿ ಕೈಮುಗಿದರು. ಎದುರಿಗೆ ಇಳಕಲ್ಲ ಸೀರೆ ಉಟ್ಟು, ಬಗಲಲ್ಲಿ ಚೀಲ ಇಟ್ಟುಕೊಂಡ ಹೆಣ್ಣುಮಗಳು. ಅಕ್ಕೋರು ಮರ್ಯಾದೆಯಿಂದ ತಿರುಗಿ ಕೈಮುಗಿದು ಮೂರನೆಯ ಬೆಂಚಿನಲ್ಲಿ ಕುಳಿತರು. ವರ್ಗವೆಲ್ಲ ನಕ್ಕಿತು.

ಅಂದಿನಿಂದ ಆ ಮನುಷ್ಯನ ಹಗೆ ಶುರುವಾಯಿತು. ಸಿಗರೇಟು ಸೇದಿ ಅರ್ಧ ತಾಸಿನ ಮೇಲೆ ಬಂದ ಪೇಟೆಯ ಹುಡುಗರಿಗೆ ಹಾಜರಿ ಸಿಗುತ್ತಿತ್ತು. ಅಕ್ಕೋರು ಎದುರಿಗೇ ಕುಳಿತು ನೋಟ್ಸು ಬರೆದುಕೊಂಡರೂ ಗೈರು.

“ಸರ್, ಬಸ್ಸು ತಡಾ ಆಗತದರಿ. ಇಲ್ಲೇ ಕುಂತೇನಲ್ರಿ,” ಎಂದು ಒಮ್ಮೆ ಕೇಳಿದರು.

“ನೀವು ಬರೋದಂದರ ಮೆರವಣಿಗಿ ಬಂದ್ಹಂಗ. ನನ್ನ ತಾಸಿನ್ಯಾಗ ಮೆರವಣಿಗಿಗೆ ಹಾಜರಿ ಇಲ್ಲ,” ಎಂದರು ಹಂಚಿನಾಳರು.

ಅಕ್ಕೋರು ತಮ್ಮ ಹಳೆಯ ಶಿಷ್ಯ ತಿಕೋಟಾದ ಮೌಲಾಸಾಬನನ್ನು ಹೊರಗೆ ಕರೆದು ಗದರಿಸಿದರು. “ಲೇ ಮೌಲಾ, ಇನ್ನ ಮ್ಯಾಲೆ ಯಾರೂ ಏಳಬ್ಯಾಡ್ರಿ. ನೀವು ಎದ್ದರ ನಾ ಪರೀಕ್ಷಾಕ್ಕ ಕೂಡೂದು ತಪ್ಪತದ.”

“ಏಳಬಾರದಂತ ಬೆಂಚ್ ಹಿಡಕೊಂಡ ಕುಂತಿರತೇನ್ರಿ ಅಕ್ಕೋರ. ನಿಮ್ಮ ಮುಖಾ ಕಂಡಕೂಡ್ಲೇ ಕಾಲು ತಾವ ಏಳತಾವ್ರಿ,” ಎಂದನಂತೆ ಅವನು. ಇದನ್ನೆಲ್ಲ ನನಗೆ ಹೇಳಿದವನು ಅವನೇ.

ಪ್ರತಿ ವಿಷಯದಲ್ಲಿಯೂ ನಾಲ್ಕರಲ್ಲಿ ಮೂರು ಪಾಲು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ಆ ಏಪ್ರಿಲಿನಲ್ಲಿ ಕೂಡದಿದ್ದರೆ ಜೂನಿಗೆ ರಜೆ ಮುಗಿದು, ಅಕ್ಕೋರು ಮತ್ತೆ ಒಂದನೆಯ ಇಯತ್ತೆಗೆ. ಹುಡುಗಿಯರು ರೊಟ್ಟಿಯ ಮುಂದೆಯೇ.

ಜನವರಿಯಲ್ಲಿ ಧಾರವಾಡದಿಂದ ಯೂನಿವರ್ಸಿಟಿಯ ಸಾಹೇಬರೊಬ್ಬರು ಕಾಲೇಜಿನ ತಪಾಸಣೆಗೆ ಬಂದು, ಹಂಚಿನಾಳರ ತಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತರು. ಹತ್ತು ನಿಮಿಷಕ್ಕೆ ಅಕ್ಕೋರು ಬಂದರು. ಹನ್ನೊಂದು ಜನ ಎದ್ದರು. ಸಾಹೇಬರು ಬೆರಗಾಗಿ, ಅವರು ಯಾರೆಂದು ಕೇಳಿದರು.

ಹಂಚಿನಾಳರ ಮುಖದಲ್ಲಿ ಬೆಣ್ಣೆ ಕರಗಿತು. “ನಮ್ಮ ವಿದ್ಯಾರ್ಥಿನೀನ ರೀ ಸರ್. ಬಬಲೇಶ್ವರದ ಶಿಕ್ಷಕಿ. ಈ ಹುಡುಗರಿಗೆ ಅಕ್ಷರಾ ಕಲಿಸ್ಯಾರ, ಅದಕ್ಕ ಎದ್ದು ನಿಂದರತಾರ. ದಿನಾ ಅಷ್ಟು ದೂರದಿಂದ ಬರತಾರ, ಈ ವರ್ಷ ನನ್ನ ಒಂದ ತಾಸೂ ತಪ್ಪಿಸಿಲ್ಲ. ನಾನೂ ಭಾಳ ಹುರುಪು ಕೊಟ್ಟೇನ್ರಿ.”

ಗೊತ್ತಿತ್ತು, ನೋಡಿ! ಹುಡುಗರು ಏಕೆ ಏಳುತ್ತಾರೆ, ಬಸ್ಸು ಎಷ್ಟು ದೂರದಿಂದ ಬರುತ್ತದೆ ಎಂಬುದೆಲ್ಲವೂ ಆ ಮಹಾಶಯರಿಗೆ ಗೊತ್ತಿತ್ತು. ಸಾಹೇಬರು ಮೆಚ್ಚಿ ಎಲ್ಲವನ್ನೂ ಬರೆದುಕೊಂಡು ಹೋದರು.

ಫೆಬ್ರುವರಿಯಲ್ಲಿ ಹಾಜರಿ ಸಾಲದವರ ಪಟ್ಟಿಯನ್ನು ಗೋಡೆಗೆ ಹಚ್ಚಿದರು. ಮೊದಲ ಹೆಸರೇ ಅಕ್ಕನಾಗಮ್ಮ. ಇತಿಹಾಸ, ಐವತ್ತೊಂದು ತಾಸು ಗೈರು. ಅಕ್ಕೋರು ಅಳಲಿಲ್ಲ, ಯಾರ ಕಾಲನ್ನೂ ಹಿಡಿಯಲಿಲ್ಲ. ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋದರು. ಹಂಚಿನಾಳರೂ ಅಲ್ಲಿಯೇ ಕುಳಿತಿದ್ದರು.

“ಈ ವರ್ಷ ಒಂದ ತಾಸೂ ತಪ್ಪಿಸಿಲ್ಲಂತ ಸಾಹೇಬ್ರ ಮುಂದ ಸರ್ ತಾವ ಹೇಳ್ಯಾರ್ರಿ. ಅವರು ಬರಕೊಂಡಾರ. ಈಗ ಐವತ್ತೊಂದು ಗೈರಂತ ಪಟ್ಟಿ ಧಾರವಾಡಕ್ಕ ಹೋದರ ಎರಡೂ ಕಾಗದ ಅವರ ಟೇಬಲ್ ಮ್ಯಾಲ ಕೂಡತಾವು. ಖರೇ ಯಾವುದಂತ ನನ್ನ ಕೇಳಿದರ ಏನ ಹೇಳ್ಲಿರಿ?”

ಪ್ರಿನ್ಸಿಪಾಲರಿಗೆ ನ್ಯಾಯದ ಚಿಂತೆ ಹುಟ್ಟಿತೆಂದು ಯಾರೂ ತಿಳಿಯಬೇಡಿ. ಕಾಲೇಜಿನ ಮಾನ್ಯತೆಯ ಚಿಂತೆ ಹುಟ್ಟಿತು. “ಏನಪಾ ಹಂಚಿನಾಳ?” ಎಂದರು.

“ಅವಸರದಾಗ ಕೈತಪ್ಪಿ ಆಗಿರಬೇಕ್ರಿ,” ಎಂದರು ಹಂಚಿನಾಳರು.

“ಐವತ್ತೊಂದು ಸರ್ತೆ ಕೈ ತಪ್ಪಿತೇನು? ಇಲ್ಲೇ ತಿದ್ದು.”

ಹಂಚಿನಾಳರು ಹಾಜರಿ ಪುಸ್ತಕ ತರಿಸಿ, ಶಾಯಿ ಕೆರೆಯಲು ಬ್ಲೇಡು ತೆಗೆದರು. ಅಕ್ಕೋರು ಪುಸ್ತಕದ ಮೇಲೆ ಅಂಗೈ ಇಟ್ಟರು.

“ಕೆರೀಬ್ಯಾಡ್ರಿ ಸರ್. ನಮ್ಮ ಕನ್ನಡ ಸಾಲ್ಯಾಗ ಹಾಜರಿ ಪುಸ್ತಕ ಕೆರದರ ಇನ್ಸ್‌ಪೆಕ್ಟರು ನೌಕರಿಗೇ ಕೈ ಹಾಕತಾರ. ತಪ್ಪಿದ್ದರ ಮ್ಯಾಲ ಕೆಂಪು ಶಾಯಿಲೆ ಒಂದು ಗೆರಿ, ಬಾಜೂಕ ಖರೇದು, ಕೆಳಗ ಸಹಿ, ತಾರೀಖು. ಒಂದೊಂದಕ್ಕೂ ಬ್ಯಾರೆ ಬ್ಯಾರೆ.”

ಪ್ರಿನ್ಸಿಪಾಲರು ಕೆಂಪು ಶಾಯಿಯ ದೌತಿಯನ್ನು ಮುಂದೆ ಸರಿಸಿದರು. ಹಂಚಿನಾಳರು ಜೂನಿನಿಂದ ಶುರು ಮಾಡಿದರು. ಅಕ್ಕೋರು ಪಕ್ಕದಲ್ಲಿ ನಿಂತು, ಪಾಟಿಯ ಮೇಲೆ ತಿದ್ದುವ ಕೂಸನ್ನು ನೋಡಿಕೊಂಡಂತೆ ಒಂದೊಂದನ್ನೂ ಬೆರಳಿಟ್ಟು ತೋರಿಸಿದರು. ಆಗಸ್ಟಿಗೆ ಬರುವಷ್ಟರಲ್ಲಿ ಟಾಯಿ ಸಡಿಲಾಯಿತು. ನವೆಂಬರಿನಲ್ಲಿ ಕೋಟೂ ಕುರ್ಚಿಗೆ ಹೋಯಿತು.

“ಮುಗೀತ್ರಿ,” ಎಂದು ಲೇಖಣಿ ಕೆಳಗಿಟ್ಟರು.

“ಡಿಸೆಂಬರ್ ನಾಕಕ್ಕ ತಾರೀಖು ಬಿಟ್ಟೀರಿ ಸರ್,” ಎಂದರು ಅಕ್ಕೋರು.

ಅದನ್ನೂ ಬರೆಸಿಕೊಂಡೇ ಹೊರಗೆ ಬಂದರು. ಏಪ್ರಿಲಿನಲ್ಲಿ ಪರೀಕ್ಷೆಗೆ ಕುಳಿತು ಪಾಸಾದರು; ಕಮಿಟಿಯವರು ತಮ್ಮ ಠರಾವಿನಂತೆ ಅವರನ್ನು ನೇಮಿಸಲೇಬೇಕಾಯಿತು; ಆ ವರ್ಷವೇ ಬಬಲೇಶ್ವರದ ಹೈಸ್ಕೂಲಿನಲ್ಲಿ ಏಳು ಹುಡುಗಿಯರ ಹೆಸರು ದಾಖಲಾದವು. ಅಕ್ಕೋರ ಗುಣಪತ್ರವನ್ನು ನಾನು ಕಣ್ಣಾರೆ ನೋಡಿದ್ದೇನೆ. ಉಳಿದ ವಿಷಯಗಳಲ್ಲೆಲ್ಲ ಒಳ್ಳೆಯ ಅಂಕಗಳಿದ್ದವು. ಇತಿಹಾಸದಲ್ಲಿ ಮಾತ್ರ ಹೇಗೋ ದಾಟಿದ್ದರು. ಅದೊಂದು ವಿಷಯದಲ್ಲಿ, ಪಾಪ, ಹಂಚಿನಾಳರ ನೋಟ್ಸನ್ನು ನಂಬಿ ಬರೆದಿದ್ದರು.