ಎಡಕ್ಕೆ ತಿರುಗದ ಹೊಸ ಹ್ಯಾಂಡಲ್

ಗೆಳೆಯರೇ, ನೀವೇ ನ್ಯಾಯ ಹೇಳಿ. ಬೆನ್ನುನೋವು ತಾಳಲಾರದೆ ಇವತ್ತು ಗೋಕಾಕದಲ್ಲಿ ನನ್ನ ಟೂರಿಂಗ್ ಬೈಕಿಗೆ ಎತ್ತರದ ಹ್ಯಾಂಡಲ್ ಹಾಕಿಸಿದೆ. ಮೆಕ್ಯಾನಿಕ್ ಮಹಾಶಯ ಅದಕ್ಕೆ ವಿಭೂತಿ ಬಳಿದ, ಕಾಯಿ ಒಡೆದ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ಹಳೆಯ ಗಿಡ್ಡ ಆಕ್ಸಿಲರೇಟರ್ ಕೇಬಲ್ ಮಾತ್ರ ಬದಲಿಸಲಿಲ್ಲ! ಎಡಕ್ಕೆ ತಿರುಗಿಸಿದ ಕೂಡಲೇ ಕೇಬಲ್ ಬಿಗಿದು ಎಂಜಿನ್ ತಾನಾಗಿಯೇ ಅಬ್ಬರಿಸಿತು. ಎದುರಿನ ಚರಂಡಿಗೆ ಬೀಳುವುದರಲ್ಲಿದ್ದೆ.

"ಏನ್ರಿ ಇದು?" ಎಂದು ಕೂಗಿದೆ.

"ಎಡಕ್ಕ ಪೂರಾ ಹೊಳ್ಳಿಸಬ್ಯಾಡ್ರಿ ಸರ್, ಅಷ್ಟ. ನೀವು ಹೋಗೋ ಕೊಣ್ಣೂರ ರಸ್ತಾ ಸೀದಾ ಐತಲ್ರಿ?"

"ನಮ್ಮ ಮನಿ ಎಡಕ್ಕ ಐತಿ!"

"ಹಂಗಾದ್ರ ಮುಂದ ಹೋಗಿ, ಬಲಕ್ಕ ಸುತ್ತು ಹಾಕ್ಕೊಂಡು ಬರ್ರಿ."

ಗಾಡಿಯನ್ನು ಅಲ್ಲೇ ಬಿಟ್ಟು ಬಸ್ ಹತ್ತಿದೆ. ಆ ಹಳೇ ಬಸ್ಸಿಗೆ ಒಂದು ನಿಂಬೆಹಣ್ಣೂ ಕಟ್ಟಿರಲಿಲ್ಲ. ಎಡಕ್ಕೆ ಸಲೀಸಾಗಿ ತಿರುಗಿತು.